ಕಾವಿ ಹಾಕಿದ ಜಗಲಿ

ಪುತ್ತೂರು,
ತಾ. 9-3-1958, ಆದಿತ್ಯವಾರ

ಪ್ರೀತಿಯ ಮಗಳು ಸೀತುವಿಗೆ,

ಅಪ್ಪನ ಆಶೀರ್ವಾದ. ನಾವು ಇಲ್ಲಿ ಕ್ಷೇಮ ಎಂದು ಮೊದಲು ಬರೆಯುವುದು ಕ್ರಮ; ನನಗೆ ಅದನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನ ಜ್ವರ ಬಿಟ್ಟಿತೇ? ಬುಧವಾರ ಮರದ ಲಾರಿಯ ಚೆನ್ನಪ್ಪ ನಮ್ಮ ಪಂಚಾಯತು ಬೋರ್ಡಿನ ಗೇಟಿನ ಹತ್ತಿರ ಲಾರಿ ನಿಲ್ಲಿಸಿ, "ಸೀತಕ್ಕನಿಗೆ ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ ಬರ್ತಾ ಉಂಟು ಮೇಸ್ತ್ರಿಗಳೇ, ನಡುಕ ಬಂದರೆ ಎರಡು ಕಂಬಳಿ ಸಾಕಾಗುದಿಲ್ಲ" ಎಂದ. ನಾನು ಅಲ್ಲಿಂದಲೇ ಸರಕಾರಿ ಆಸ್ಪತ್ರೆಗೆ ನಡೆದೆ. ಡಾಕ್ಟರು ಪೂರ್ತಿ ಕೇಳಲೂ ಇಲ್ಲ. "ಏಳು ತಿಂಗಳ ಬಸುರಿಯನ್ನು ಗುಂಡ್ಯದ ಕಾಡಿನ ಬುಡದಲ್ಲಿ ಬಿಟ್ಟು ನನ್ನತ್ರ ಮಾತ್ರೆ ಕೇಳ್ಲಿಕ್ಕೆ ಬಂದದ್ದಾ? ನೋಡದೆ ನಾನು ಎಂತ ಕೊಡುದು? ಕರಕೊಂಡು ಬನ್ನಿ" ಎಂದು ನಾಲ್ಕು ಜನರ ಎದುರು ಬೈದರು. ಅವರು ಬೈದದ್ದು ಸರಿ. ಹಾಗಾಗಿ ಈ ಕಾಗದದ ಜೊತೆ ಮದ್ದು ಏನೂ ಇಲ್ಲ ಮಗಳೇ. ಅಮ್ಮ ಕಟ್ಟಿಕೊಟ್ಟ ಒಣ ಶುಂಠಿ, ಸ್ವಲ್ಪ ಮೆಣಸು ಮತ್ತು ಹಳೆಯ ಉಣ್ಣೆಯ ಶಾಲು ಉಂಟು. ಶಾಲು ನನ್ನದು. ನನ್ನದೆಂದು ಬಿಸಾಡಬೇಡ.

ಅಮ್ಮನ ಮೊಣಕಾಲಿನ ಬಾವು ಸ್ವಲ್ಪ ಕಡಿಮೆಯಾಗಿದೆ. ಮೆಟ್ಟಿಲು ಇಳಿಯುವಾಗ ಮಾತ್ರ ಯಾರನ್ನೋ ಬೈಯುತ್ತಾಳೆ. ಯಾರನ್ನೆಂದು ನಾನು ಕೇಳಲು ಹೋಗುವುದಿಲ್ಲ. ನಿನ್ನ ಕಪ್ಪು ದನ ಕರು ಹಾಕಿದೆ, ಹೆಣ್ಣು ಕರು. ಬಡಗು ಬದಿಯ ಕೋಣೆಯನ್ನು ಅಮ್ಮ ಸೆಗಣಿ ಸಾರಿಸಿ ಇಟ್ಟಿದ್ದಾಳೆ. ಹಳೆಯ ಸೀರೆಗಳನ್ನು ಒಗೆದು, ಕತ್ತರಿಸಿ, ಮಡಚಿ ಒಂದು ಟ್ರಂಕು ತುಂಬಿಸಿದ್ದಾಳೆ. ಬೆಟ್ಟಂಪಾಡಿಯಿಂದ ನಿನ್ನ ಅತ್ತೆ, ಅಂದರೆ ನನ್ನ ಅಕ್ಕ, ಎರಡು ಸಲ ಹೇಳಿಕಳುಹಿಸಿದ್ದಾಳೆ. "ಬಯಕೆ ಮಾಡದೆ ಮೊದಲ ಬಸುರಿಯನ್ನು ಹಾಗೇ ಬಿಡುದಾ? ನೀವಿಬ್ಬರೂ ಎಂತದು ಮಾಡ್ತಾ ಇದ್ದೀರಿ?" ಎಂದು. ಹೂ ಮುಡಿಸಿ, ಸೀರೆ ಉಡಿಸಿ, ತಾಯಿಮನೆಗೆ ಕರೆತರಬೇಕಾದವನು ನಾನು. ನೀನು ಚೆನ್ನಪ್ಪನ ಕೈಯಲ್ಲಿ ಹೇಳಿಸಿದ ಮಾತು ನನಗೆ ಮುಟ್ಟಿದೆ. "ಆ ಮನೆಗೆ ನಾನು ಬರುದಿಲ್ಲ. ಅಪ್ಪನಿಗೆ ಬೋರ್ಡು ಉಂಟಲ್ಲ, ಅದಕ್ಕೇ ಬಾಣಂತನ ಮಾಡ್ಲಿ." ಚೆನ್ನಪ್ಪ ಪಾಪ, ಇದನ್ನು ಹೇಳುವಾಗ ಲಾರಿಯ ಚಕ್ರ ನೋಡುತ್ತಾ ಹೇಳಿದ.

ನಿನ್ನ ಸಿಟ್ಟಿಗೆ ಕಾರಣ ಉಂಟು. ನಿನ್ನ ಗಂಡನ ಹೋಟೆಲಿನ ಎದುರು ಭಾಗವನ್ನು ಕೆಡವಿದವನು ನಾನು. ಮಗಳೆಂದೂ ನೋಡದೆ, ಅಕ್ಕನ ಮಗನೆಂದೂ ನೋಡದೆ, ಕೆಲಸದ ಸತ್ಯಕ್ಕಾಗಿ ಕೆಡವಿದೆ ಎಂದು ನೀನು ತಿಳಿದಿದ್ದಿ. ಊರೂ ಹಾಗೆಯೇ ತಿಳಿದಿದೆ. ಆದರೆ ನಡೆದದ್ದು ಹಾಗಲ್ಲ. ನಾನು ಮಾಡಿದ್ದು ಬೇರೆ. ಅದು ಇದಕ್ಕಿಂತ ಸಣ್ಣದು, ಇದಕ್ಕಿಂತ ಕೆಟ್ಟದು. ಮೂರು ತಿಂಗಳಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ನೀನು ಈ ಕಾಗದವನ್ನು ಹರಿಯುವುದಾದರೂ ಪೂರ್ತಿ ಓದಿ ಹರಿ.

ಹೊಸ ಎಕ್ಸಿಕ್ಯೂಟಿವ್ ಆಫೀಸರು ಬಂದದ್ದು ಕಳೆದ ಸಪ್ಟೆಂಬರಿನಲ್ಲಿ, ಘಟ್ಟದ ಮೇಲಿನಿಂದ. ಅವರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ಮೊದಲಿನವರು ಯಾರಾದರೂ ಅರ್ಜಿ ಕೊಟ್ಟರೆ, ಅದೂ ಮೂರನೆಯ ಅರ್ಜಿಗೆ, ಜಾಗ ನೋಡಲು ಹೋಗುತ್ತಿದ್ದರು. ಇವರು ಬಂದ ವಾರವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ದೂರು ಬರ್ಲಿ ಅಂತ ಕಾಯೋದು ಕೆಲಸ ಅಲ್ಲ ಕಣ್ರಯ್ಯಾ. ಬೆಂಕಿ ಬಿದ್ದ ಮೇಲೆ ದೂರು ಬಂದ್ರೆ ಏನು ಪ್ರಯೋಜನ? ಬೀದಿ ಬೀದಿ ನಾವೇ ನೋಡ್ಕೊಂಡು ಹೋಗೋಣ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಪೇಟೆಯಲ್ಲಿ ತೆಂಗಿನ ಮಡಲು ಹೊದೆಸಿದ ಮಾಡುಗಳು ಸೂರಿಗೆ ಸೂರು ತಾಗಿ ನಿಂತಿದ್ದವು. ಜಗಲಿಗಳು ಚರಂಡಿಯನ್ನು ದಾಟಿ ರಸ್ತೆಗೆ ಕಾಲು ಚಾಚಿದ್ದವು. ಮಳೆಗಾಲದಲ್ಲಿ ಎದೆಮಟ್ಟದ ಚರಂಡಿಗೆ ಇಳಿದು ಕಸ ತೆಗೆಸುವವನು ನಾನೇ ತಾನೇ, ನನಗೆ ಗೊತ್ತಿಲ್ಲವೇ. ಅಕ್ಟೋಬರಿನಲ್ಲಿ ನೋಟೀಸು ಅಚ್ಚಾಗಿ ಬಂತು. ರಸ್ತೆಯ ಜಾಗಕ್ಕೆ ಬಂದ ಹಳೆಯ ಜಗಲಿ, ಹಳೆಯ ಮಾಡು ಇದ್ದರೆ ತೆಗೆಯಲು ಎರಡು ವರ್ಷದ ವಾಯಿದೆ. ನೋಟೀಸಿನ ತಾರೀಕಿನ ನಂತರ ಹೊಸದಾಗಿ ಏನು ಕಟ್ಟಿದರೂ ಏಳು ದಿನದಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಬೋರ್ಡೇ ತೆಗೆಸುತ್ತದೆ. ಅದರಲ್ಲಿ ಬರೆದದ್ದು ಇಷ್ಟೇ. ಆ ನೋಟೀಸನ್ನು ಪೇಟೆಯ ಗೋಡೆಗೆಲ್ಲ ಅಂಟಿಸಿದವನು ನಾನು. ಪೂರ್ತಿ ಓದದವನೂ ನಾನು. 'ತನಿಖೆಗೆ ಬರಲಾಗುವುದು' ಎಂಬ ಸಾಲು ದಪ್ಪ ಅಕ್ಷರದಲ್ಲಿತ್ತು. ಅಷ್ಟು ಓದಿ, ಉಳಿದದ್ದು ಏನಿರುತ್ತದೆಂದು ನನಗೆ ಗೊತ್ತು ಎಂದುಕೊಂಡು ಮುಂದಿನ ಗೋಡೆಗೆ ಹೋದೆ.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಕಂಡ ತನಿಖೆ ಎಂದರೆ ದೊಡ್ಡವರ ಸವಾರಿ. ಮದ್ರಾಸು ಸರಕಾರದ ಕಾಲದಲ್ಲಿ ಕಲೆಕ್ಟರು ಬರುತ್ತಾರೆಂದರೆ ಎರಡು ದಿನ ಮೊದಲೇ ನಾನು ಪೇಟೆಯುದ್ದಕ್ಕೂ ಹೇಳುತ್ತಾ ಹೋಗುತ್ತಿದ್ದೆ, ಸುಣ್ಣ ಹೊಡೆಯಿರಿ, ಮಡಲು ಬದಲಾಯಿಸಿ, ಮಾವಿನೆಲೆ ಕಟ್ಟಿ ಎಂದು. ಅವರು ಕಾರಿನಲ್ಲಿ ಕುಳಿತೇ ಎರಡು ಬದಿ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಒಂದು ಸಲ ನನ್ನ ಬೆನ್ನು ತಟ್ಟಿದ್ದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ. ನೀನು ಸಣ್ಣವಳಿರುವಾಗ ಅದನ್ನು ನನ್ನ ಹಾಗೆಯೇ ನಟಿಸಿ ತೋರಿಸಿ ಅಮ್ಮನನ್ನು ನಗಿಸುತ್ತಿದ್ದಿ. ಈ ಸಲವೂ ನಾನು ಟೋಪಿ ಸರಿಮಾಡಿಕೊಂಡು ಹೊರಟೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಪಕ್ಕದ ಕೊಡೆ ರಿಪೇರಿಯ ಅಲಿ ಕುಂಞಿ, "ಎಂತ ಮಾರಾಯ್ರೆ, ನನ್ನ ಮಾಡು ಇಪ್ಪತ್ತು ವರ್ಷದಿಂದ ಹೀಗೇ ವಾಲಿ ನಿಂತದ್ದು. ಈಗ ಸರಿ ಮಾಡಿದರೆ ಅದಕ್ಕೇ ಬೇಜಾರಾದೀತು" ಎಂದು ನಕ್ಕರು. ಕೇಳಿದವನು ಒಬ್ಬನೇ, ನನ್ನ ಅಳಿಯ ಮಹೇಶ್ವರ. ಮಾವ ಹೇಳಿದ ಮೇಲೆ ಅವನಿಗೆ ಎರಡನೆಯ ಮಾತಿಲ್ಲ. ಕೆದಂಬಾಡಿಯ ಕಲ್ಲುಕೋರೆಯಿಂದ ಗಾಡಿಯಲ್ಲಿ ಕೆಂಪುಕಲ್ಲು ತರಿಸಿದ. ಮಡಲು ತೆಗೆದು ಮರದ ಪಕ್ಕಾಸು, ರೀಪು ಇಟ್ಟು ಹಂಚು ಹಾಕಿದ. ಬಸ್ಸಿಗೆ ಕಾಯುವವರು ನೆನೆಯಬಾರದೆಂದು ಒಂದು ಮೊಳ ಮುಂದಕ್ಕೂ ತಂದ. ನೀನು ಜಗಲಿಗೆ ಕಾವಿ ಹಾಕಿ, ಮೂರು ದಿನ ಮೊಣಕಾಲೂರಿ ಕುಳಿತು ಬೆಣಚುಕಲ್ಲಿನಿಂದ ಉಜ್ಜಿದಿ. ಆಗಲೇ ನಿನ್ನ ಹೊಟ್ಟೆಯಲ್ಲಿ ಜೀವವಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಾನು ಎದುರಿನ ಬದಿಯಲ್ಲಿ ನಿಂತು, ಅಲ್ಲಿ ಸ್ವಲ್ಪ ಮಂಕು, ಇಲ್ಲಿ ಸ್ವಲ್ಪ ಮಂಕು ಎಂದು ಕೈ ತೋರಿಸಿ ಉಜ್ಜಿಸಿದೆ.

ಆಫೀಸರು ನಿಮ್ಮ ಹೋಟೆಲಿನ ಬೀದಿಗೆ ಬಂದ ದಿನ ರಿಜಿಸ್ಟರು ಹಿಡಿದ ಗುಮಾಸ್ತ, ಅಳತೆ ಪಟ್ಟಿ ಹಿಡಿದ ನಾನು, ನಾವು ಮೂವರೇ. ಅಲಿ ಕುಂಞಿಯ ಅಂಗಡಿಯೆದುರು ನಿಂತು, "ಇದು ಹೊಸದೋ, ಹಳೇದೋ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. "ಹಳತು ಸ್ವಾಮಿ. ಎಷ್ಟು ಹೇಳಿದರೂ ಇವರು ಕೇಳುದಿಲ್ಲ" ಎಂದೆ. ಗುಮಾಸ್ತ ಬರೆದುಕೊಂಡ, ಮುಂದೆ ಬಂದೆವು. ನಿಮ್ಮ ಜಗಲಿಯ ಮೇಲೆ ಆಫೀಸರು ಅಂಗೈ ಇಟ್ಟು ತೆಗೆದರು, ಅಂಗೈ ಕೆಂಪಾಗಿತ್ತು. "ಇದು?" ಎಂದರು. ಅವರಿಗೆ ಇದು ಯಾರ ಹೋಟೆಲೆಂದು ಗೊತ್ತಿರಲಿಲ್ಲ. ನಾನು ಎದೆ ಮುಂದೆ ಮಾಡಿ ಹೇಳಿದೆ, "ಎಲ್ಲಾ ಹೊಸತು ಸ್ವಾಮಿ. ನಿಮ್ಮ ನೋಟೀಸು ಬಂದ ಮೇಲೆ ಮಾಡಿಸಿದ್ದು. ನಾನೇ ನಿಂತು ಮಾಡಿಸಿದೆ." ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲಾನೂ? ಹಳೇದು ಏನೂ ಇಲ್ವಾ?" ಎಂದು ಇನ್ನೊಮ್ಮೆ ಕೇಳಿದರು. ಈಗ ಯೋಚಿಸಿದರೆ ಅನಿಸುತ್ತದೆ, ಅವರು ನನಗೆ ಒಂದು ದಾರಿ ಬಿಟ್ಟುಕೊಟ್ಟಿದ್ದರು. ನಾನು, "ಏನೂ ಇಲ್ಲ ಸ್ವಾಮಿ, ಬುಡದಿಂದಲೇ ಹೊಸತು" ಎಂದೆ. ಮಹಜರು ಬರೆದಾಯಿತು. ಸಾಕ್ಷಿ ಎಂಬಲ್ಲಿ ನಾನು ನನ್ನ ಪೂರ್ತಿ ಹೆಸರು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದೆ. ಶಾಭಾಸ್ ಎನ್ನುತ್ತಾರೆಂದು ಕಾದು ನಿಂತಿದ್ದೆ ಮಗಳೇ.

ಬುಡದಿಂದ ಹೊಸತು ಎಂಬುದು ಸತ್ಯವೇ ಅಲ್ಲ. ಆ ಜಗಲಿ ನೀನು ಹುಟ್ಟುವ ಮೊದಲಿನದು. ಹಳೆಯ ಜಗಲಿಯ ಮೇಲೆ ಮಹೇಶ್ವರ ಒಂದು ವರಿ ಕಲ್ಲು ಇಟ್ಟು ಗಾರೆ ಮೆತ್ತಿದ್ದು ಅಷ್ಟೆ. ಊರು ನನ್ನನ್ನು ಸತ್ಯವಂತ ಎನ್ನುತ್ತದೆ. ನಾನು ಅಂದು ಸತ್ಯ ಹೇಳಿದ್ದಲ್ಲ, ಜಂಬ ಕೊಚ್ಚಿದ್ದು. ಮರುದಿನ ಗುಮಾಸ್ತ ನೋಟೀಸಿನ ಕೆಳಗಿನ ಸಾಲುಗಳನ್ನು ಓದಿ ಹೇಳಿದಾಗಲೇ ಆಫೀಸರು ಕೇಳಿದ್ದು ಏನೆಂದು ನನಗೆ ತಿಳಿದದ್ದು. ಆಗಲಾದರೂ ಆಫೀಸರ ಹತ್ತಿರ ಹೋಗಿ, ನನಗೆ ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ ಸ್ವಾಮಿ, ನಾನು ಸುಳ್ಳು ಹೇಳಿದೆ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಬೋರ್ಡಿನ ಕಾನೂನು ನನ್ನ ನಾಲಿಗೆಯ ಮೇಲೆ ಉಂಟೆಂದು ಪೇಟೆಯಲ್ಲಿ ಹೇಳಿಕೊಂಡು ಬಂದವನು ಅದನ್ನು ಹೇಗೆ ಹೇಳುವುದು? ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಏಳು ದಿನ ಕಳೆದೆ.

ಎಂಟನೆಯ ದಿನದ್ದು ನಿನಗೆ ಗೊತ್ತಿದೆ. ನಾನು ನಾಲ್ಕು ಆಳು ಕರೆದುಕೊಂಡು ಬಂದಾಗ ಮಹೇಶ್ವರ ಅವರಿಗೆಲ್ಲ ಚಹಾ ಕೊಟ್ಟ. "ಬೆಳಿಗ್ಗೆಯಿಂದ ನಡೆದು ಬಂದಿದ್ದಾರೆ ಮಾವ, ಕುಡಿದು ಶುರು ಮಾಡ್ಲಿ" ಎಂದ. ಹಂಚು ಒಡೆಯಬಾರದೆಂದು ತಾನೇ ಮೇಲೆ ಹತ್ತಿ ಒಂದೊಂದೇ ಇಳಿಸಿದ. ಅದೇ ಮಾಡಿನಡಿಯಲ್ಲಿ ಹುಗಿದಿದ್ದ ನಿನ್ನ ರುಬ್ಬುವ ಕಲ್ಲನ್ನು ಇಬ್ಬರು ಸೇರಿ ಕಿತ್ತರು. ಆಮೇಲೆ ಜಗಲಿಗೆ ಪಿಕ್ಕಾಸು ಬಿತ್ತು. ನೀನು ಗಮನಿಸಿದಿಯೋ ಇಲ್ಲವೋ, ನಾಲ್ಕನೆಯ ಏಟಿಗೆ ಕಾವಿಯ ಹೊಸ ಗಾರೆ ಕಳಚಿ, ಒಳಗಿನ ಹಳೆಯ ಜಗಲಿ ಕಾಣಿಸಿತು. ಹಳೆಯ ಸುಣ್ಣ, ಕರಿ ಹಿಡಿದ ಅಂಚು, ಜನ ಕುಳಿತು ಕುಳಿತು ಸವೆದ ಕಲ್ಲು. ಆಳು ಕೈ ನಿಲ್ಲಿಸಿ ನನ್ನನ್ನು ನೋಡಿದ. "ಇದು ಹಳತಲ್ಲವಾ ಮೇಸ್ತ್ರಿಗಳೇ?" ಎಂದ. ಆಫೀಸರು ಅಲ್ಲಿರಲಿಲ್ಲ. ಮೇಲಿನವನು ಎಂದು ಇದ್ದವನು ನಾನೊಬ್ಬನೇ. ನಿಲ್ಲಿಸು ಎಂದು ಒಂದು ಮಾತು ಹೇಳಿದ್ದರೆ ಅಷ್ಟು ಜಗಲಿ ಉಳಿಯುತ್ತಿತ್ತು. ಆದರೆ ಮಹಜರಿನಲ್ಲಿ ನನ್ನ ಸಹಿ ಇತ್ತು. ನಾನು "ಹೊಡಿ" ಎಂದೆ. ಆಗ ನೀನು ಒಳಗಿನಿಂದ ಹಿಟ್ಟಿನ ಪಾತ್ರೆ ಹಿಡಿದುಕೊಂಡು ಹೊರಗೆ ಬಂದಿ. "ಅಪ್ಪ, ಆಚೆ ನಿಲ್ಲಿ. ನಿಮ್ಮ ಬೋರ್ಡಿನ ಅಂಗಿಗೆ ಧೂಳು ಆಗ್ತದೆ" ಎಂದಿ. ನೀನು ನನ್ನೊಡನೆ ಆಡಿದ ಕೊನೆಯ ಮಾತು ಅದು. ನಾನು ಆಚೆ ಹೋಗಿ ನಿಂತೆ.

ಎದುರಿನ ಅಷ್ಟು ಜಾಗ ಹೋದ ಮೇಲೆ ಒಳಗೆ ಎರಡು ಬೆಂಚಿಗೂ ಎಡೆಯಿಲ್ಲ. ಇಪ್ಪತ್ತು ದಿನ ನೋಡಿ ಮಹೇಶ್ವರ ಬೀಗ ಹಾಕಿದ. ಮರದ ಲಾರಿಯವರಿಗೆ ಚಹಾ ಮಾಡಿ ಕೊಡುತ್ತೇನೆಂದು ನಿನ್ನನ್ನೂ ಕರೆದುಕೊಂಡು ಗುಂಡ್ಯಕ್ಕೆ ಹೊರಟ. ಇಲ್ಲಿ ನನಗೆ ಏನಾಯಿತು ಗೊತ್ತೇ? ಮರ್ಯಾದೆ ಹೆಚ್ಚಾಯಿತು. ಕ್ಷೌರದ ಅಂಗಡಿಯಲ್ಲಿ ಎದ್ದು ಜಾಗ ಕೊಟ್ಟರು. ಶಾಲೆಯ ಹೆಡ್ಮಾಸ್ಟರು ರಸ್ತೆಯಲ್ಲಿ ಕೈಮುಗಿದು, "ಸ್ವಂತ ಮಗಳನ್ನೂ ಬಿಡಲಿಲ್ಲವಂತೆ, ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ" ಎಂದರು. ನಾನು ಅಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ನಿಂತೆ. ಅದನ್ನು ಅವರು ವಿನಯ ಎಂದುಕೊಂಡರು. ಬರೆಯಲು ನಾಚಿಕೆಯಾಗುತ್ತದೆ, ಮೊದಲ ಕೆಲವು ದಿನ ಅದು ನನಗೆ ಹಿತವೂ ಆಗಿತ್ತು. ನಿನ್ನ ಅಮ್ಮ ಮಾತ್ರ ಅನ್ನ ಬಡಿಸಿ ಒಳಗೆ ಹೋಗುತ್ತಾಳೆ. ನಾನು ಊಟ ಮುಗಿಸಿ ಎದ್ದ ಮೇಲೆ ಹೊರಗೆ ಬರುತ್ತಾಳೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ಫೆಬ್ರವರಿ ಎರಡನೆಯ ವಾರ ನಾನು ಗುಂಡ್ಯಕ್ಕೆ ಬಂದಿದ್ದೆ. ಚೆನ್ನಪ್ಪನ ಲಾರಿಯಲ್ಲಿ ಬಂದು, ನಿಮ್ಮ ಸೋಗೆಯ ಗುಡಿಸಲಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ಇಳಿದೆ. ನೀನು ಹೊಳೆಯಿಂದ ಕೊಡ ಹೊತ್ತುಕೊಂಡು ಬರುತ್ತಿದ್ದಿ. ನಡುವೆ ಒಮ್ಮೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಉಸಿರು ತೆಗೆದುಕೊಂಡಿ. ಹೊಟ್ಟೆ ಕಂಡಿತು. ನೀನು ಬಸುರಿ ಎಂದು ನನಗೆ ಗೊತ್ತಾದದ್ದು ಹಾಗೆ, ರಸ್ತೆಯ ಈಚೆ ನಿಂತು. ದಾಟಿ ಬರಲು ಎಂಟು ಹೆಜ್ಜೆ ಸಾಕಿತ್ತು. ಬಂದು ಏನು ಹೇಳಲಿ? ಮತ್ತೆ ಲಾರಿ ಹತ್ತಿದೆ.

ಡಾಕ್ಟರು ಬೈದ ಮರುದಿನ, ಗುರುವಾರ, ನಾನು ಒಂದು ಹೇಳಿಕೆ ಬರೆದೆ. ನಾನು ಮಹಜರಿನಲ್ಲಿ ಹೇಳಿದ್ದು ಸುಳ್ಳು, ಜಗಲಿ ಹಳೆಯದು, ಕೆಡಹುವಾಗ ಅದು ಕಣ್ಣಿಗೆ ಕಂಡರೂ ಮುಚ್ಚಿಟ್ಟೆ ಎಂದು. ಶುಕ್ರವಾರ ಅದನ್ನು ಆಫೀಸರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು. ಬೈಯಲಿಲ್ಲ. "ಮಗಳ ಹೋಟ್ಲು ಅಂತ ಒಂದು ಮಾತು ಹೇಳಿದ್ದಿದ್ರೆ ನಿಮ್ಮನ್ನ ಆ ಬೀದಿಗೆ ಕರ್ಕೊಂಡೇ ಹೋಗ್ತಿರಲಿಲ್ಲವಲ್ಲ ಗುರುವಪ್ಪ. ಈಗ ಕೆಡವಿದ್ದನ್ನ ನಾನೇನು ಮಾಡ್ಲಿ?" ಎಂದರು. ಕೆಡವಿದ ಮೇಲೆ ಹಳೆಯದೂ ಇಲ್ಲ, ವಾಯಿದೆಯೂ ಇಲ್ಲ; ಇನ್ನು ಕಟ್ಟುವುದಿದ್ದರೆ ರಸ್ತೆ ಬಿಟ್ಟು ಒಳಗೇ ಕಟ್ಟಬೇಕು, ಅದು ಎಲ್ಲರಿಗೂ ಒಂದೇ ಎಂದು ವಿವರಿಸಿದರು. ಅವರ ಕಣ್ಣಲ್ಲಿ ನಿಜವಾಗಿ ಬೇಸರವಿತ್ತು. ಹೇಳಿಕೆಯನ್ನು ಮೇಲಕ್ಕೆ ಕಳುಹಿಸಲೇಬೇಕು ಎಂದರು. ಕಳುಹಿಸಲಿ. ಕೆಲಸ ಉಳಿಯಲಿ, ಹೋಗಲಿ. ಪೇಟೆಗೆ ಸುದ್ದಿ ಮುಟ್ಟಿದೆ. ನಿನ್ನೆ ಹೆಡ್ಮಾಸ್ಟರು ರಸ್ತೆಯ ಇನ್ನೊಂದು ಬದಿಯಿಂದ ಹೋದರು. ಅಲಿ ಕುಂಞಿ ಮಾತ್ರ ನನ್ನನ್ನು ತನ್ನ ವಾಲಿದ ಮಾಡಿನ ಕೆಳಗೆ ಕೂರಿಸಿ, "ನಾನು ಸೋಮಾರಿ ಆದ್ದರಿಂದ ಉಳಿದೆ, ನಿಮ್ಮ ಅಳಿಯ ನಿಮ್ಮ ಮಾತು ಕೇಳಿದ್ದರಿಂದ ಹೋದ. ಇದಕ್ಕೆ ಎಂತ ಹೇಳುದು ಮಾರಾಯ್ರೆ" ಎಂದು ಕಣ್ಣೊರೆಸಿಕೊಂಡರು.

ಜಗಲಿಯನ್ನು ನಿನಗೆ ವಾಪಸು ಕೊಡಲು ನನ್ನಿಂದಾಗುವುದಿಲ್ಲ ಸೀತು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಆದರೆ ಸಿಟ್ಟನ್ನು ನನ್ನ ಮೇಲೆ ಎಷ್ಟು ವರ್ಷ ಬೇಕಾದರೂ ಇಟ್ಟುಕೋ, ಹೊಟ್ಟೆಯ ಮಗುವಿನ ಮೇಲೆ ಹಾಕಬೇಡ. ಮಹೇಶ್ವರನಿಗೆ ಈ ಕಾಗದ ಓದಿ ಹೇಳು. ಮಾವನ ಮಾತು ಕೇಳಿದ್ದು ಅವನ ತಪ್ಪಲ್ಲವೆಂದು ಹೇಳು. ದೇವರು ನಿನ್ನ ಜ್ವರ ಇಳಿಸಲಿ, ಮೈ ಹಗುರ ಮಾಡಲಿ. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿ.

ಇಂತು ನಿನ್ನ ತಂದೆ,
ಗುರುವಪ್ಪ

ಮರೆತ ಮಾತು: ಚೆನ್ನಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನನ್ನ ಮುಖ ನೋಡಬೇಕಾದೀತೆಂದು ನೀನು ಬರದೆ ಇರಬೇಡ. ನಾನು ಮನೆಯಲ್ಲಿ ಇರುವುದಿಲ್ಲ. ಕೆದಂಬಾಡಿಯಲ್ಲಿ ಅಲಿ ಕುಂಞಿಯವರ ತೋಟದ ಹತ್ತಿರ ಒಂದು ಕೋಣೆ ಉಂಟು, ನನ್ನ ಚಾಪೆ, ಬಟ್ಟೆ ಇವತ್ತು ಬೆಳಿಗ್ಗೆಯೇ ಅಲ್ಲಿಗೆ ಹೋಯಿತು. ಬಾಣಂತನ ಮುಗಿದು ನೀನಾಗಿ ಹೊರಡುವವರೆಗೆ ನಾನು ಮನೆಯ ಕಡೆ ಬರುವುದಿಲ್ಲ, ಅಮ್ಮನ ಆಣೆ. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಬರುವ ಬುಧವಾರ ಗುಂಡ್ಯದಿಂದ ವಾಪಸು ಬರುವಾಗ ಚೆನ್ನಪ್ಪ ಲಾರಿ ನಿಧಾನ ಓಡಿಸುತ್ತಾನೆ, ಮುಂದಿನ ಸೀಟಿನಲ್ಲಿ ಹುಲ್ಲು ಹಾಕಿ ಕಂಬಳಿ ಹಾಸಿದ್ದಾನೆ. ನೀನು ಬಾ. ಮಗು ಗಂಡೋ ಹೆಣ್ಣೋ ಎಂದು ಅಲಿ ಕುಂಞಿಯವರ ಅಂಗಡಿಯಲ್ಲಿ ಯಾರಾದರೂ ಹೇಳಿಹೋದರೆ ನನಗೆ ಮುಟ್ಟುತ್ತದೆ. ಹೇಳದಿದ್ದರೂ ಅಡ್ಡಿಯಿಲ್ಲ.